ಕ್ಯಾಮೆರಾದ ಮುಂದೆ ನಿಂತವಳು: ಮುಂಬಯಿಯ ಟಿವಿ ವರದಿಗಾರ್ತಿಯ ಬದುಕು

(ಸಂಘದ ಮಹಿಳಾ ವೇದಿಕೆಯ ವಿಶೇಷ ಉಪನ್ಯಾಸ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



"ಮಾಧ್ಯಮ ಮತ್ತು ಮಹಿಳೆ" ಎಂಬ ವಿಷಯದ ಮೇಲೆ ಮಾತನಾಡಬೇಕೆಂದು ವೇದಿಕೆಯ ಕಾರ್ಯದರ್ಶಿಯವರು ಕೇಳಿಕೊಂಡರು. ವಿಷಯ ಬಹಳ ದೊಡ್ಡದು. ಧಾರಾವಾಹಿಯ ಅತ್ತೆ ಸೊಸೆಯಿಂದ ಹಿಡಿದು ಜಾಹೀರಾತಿನ ಸಾಬೂನಿನವರೆಗೆ ಎಲ್ಲವೂ ಅದರೊಳಗೆ ಬರುತ್ತದೆ. ಆದ್ದರಿಂದ ನಾನು ಒಂದು ಮೂಲೆಯನ್ನಷ್ಟೇ ಆರಿಸಿಕೊಂಡಿದ್ದೇನೆ. ಮಳೆಗಾಲದಲ್ಲಿ ಹಿಂದಮಾತಾದ ನೀರಿನಲ್ಲಿ ಮೊಣಕಾಲವರೆಗೆ ಮುಳುಗಿ, ಒಂದು ಕೈಯಲ್ಲಿ ಮೈಕ್, ಇನ್ನೊಂದು ಕೈಯಲ್ಲಿ ಕೊಡೆ ಹಿಡಿದು ಮಾತನಾಡುವ ಹುಡುಗಿಯನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ. ಅವಳು ಯಾರು, ಅಲ್ಲಿಗೆ ಹೇಗೆ ಬಂದಳು, ಕೆಲಸ ಮುಗಿಸಿ ಮನೆಗೆ ಹೇಗೆ ಹೋಗುತ್ತಾಳೆ, ಅವಳಿಂದ ನಮಗೇನು ಪ್ರಯೋಜನ ಎಂಬ ನಾಲ್ಕು ಪ್ರಶ್ನೆಗಳು ಇಂದಿನ ನನ್ನ ವಿಷಯ.

ಸುದ್ದಿಯ ಕೆಲಸ ಕನ್ನಡದ ಹೆಣ್ಣುಮಕ್ಕಳಿಗೆ ಹೊಸತೇನಲ್ಲ. ನಂಜನಗೂಡಿನ ತಿರುಮಲಾಂಬಾ ಬಾಲವಿಧವೆ. ಮನೆಯಲ್ಲೇ ಓದಿ ಬರೆದು, ತಾವೇ ಗ್ರಂಥಮಾಲೆ ಕಟ್ಟಿ, "ಕರ್ನಾಟಕ ನಂದಿನಿ" ಎಂಬ ಪತ್ರಿಕೆ ನಡೆಸಿದರು. ಬೆಂಗಳೂರಿನ ಆರ್. ಕಲ್ಯಾಣಮ್ಮನವರು "ಸರಸ್ವತಿ" ಪತ್ರಿಕೆಯನ್ನು ನಾಲ್ಕು ದಶಕಗಳ ಕಾಲ ನಡೆಸಿದರು. ಇಂದು ನಮ್ಮಲ್ಲಿ ಯಾರಾದರೂ "ಹೆಣ್ಣುಮಕ್ಕಳಿಗೆ ಪತ್ರಿಕೆಯ ಕೆಲಸ ಯಾಕೆ?" ಎಂದು ಕೇಳಿದರೆ, ನೂರು ವರ್ಷದ ಹಿಂದೆಯೇ ಈ ಇಬ್ಬರು ಉತ್ತರ ಕೊಟ್ಟಾಗಿದೆ ಎಂದು ನೆನಪಿಸಬೇಕು.

ಟಿವಿಯ ಕಥೆ ಸ್ವಲ್ಪ ತಡವಾಗಿ ಶುರುವಾಯಿತು. ದೆಹಲಿಯಲ್ಲಿ 1959ರ ಸೆಪ್ಟೆಂಬರ್ 15ರಂದು ಪ್ರಾಯೋಗಿಕ ಪ್ರಸಾರ ಆರಂಭವಾಯಿತು. 1965ರಲ್ಲಿ ದಿನನಿತ್ಯದ ವಾರ್ತೆ ಬಂದಾಗ ಅದನ್ನು ಓದಿದವರು ಪ್ರತಿಮಾ ಪುರಿ ಎಂಬ ಮಹಿಳೆ. ನಮ್ಮ ಮುಂಬಯಿಗೆ ಟಿವಿ ಬಂದದ್ದು 1972ರ ಅಕ್ಟೋಬರ್ 2ರಂದು. ವರಳಿಯ ಆ ಎತ್ತರದ ಗೋಪುರ ಹಿರಿಯರಿಗೆಲ್ಲ ಗೊತ್ತು. ಚಾಳಿನಲ್ಲಿ ಒಬ್ಬರ ಮನೆಗೆ ಟಿವಿ ಬಂದರೆ ಇಡೀ ಮಾಳಿಗೆಯವರು ಬಾಗಿಲಲ್ಲಿ ಕೂತು ನೋಡುತ್ತಿದ್ದ ಕಾಲ ಅದು. ಅಲ್ಲಿ ಮರಾಠಿ ವಾರ್ತೆ ಓದುತ್ತಿದ್ದವರಲ್ಲಿ ಸ್ಮಿತಾ ಪಾಟೀಲ್ ಒಬ್ಬರು. ಜೀನ್ಸ್ ತೊಟ್ಟು ಬಂದು, ಅದರ ಮೇಲೆಯೇ ಸೀರೆ ಸುತ್ತಿಕೊಂಡು ವಾರ್ತೆ ಓದಲು ಕೂರುತ್ತಿದ್ದರು ಎಂದು ಈಗಲೂ ಹೇಳುತ್ತಾರೆ. ಶ್ಯಾಮ್ ಬೆನೆಗಲ್ ಅವರ ಕಣ್ಣಿಗೆ ಆಕೆ ಬಿದ್ದದ್ದು ಟಿವಿಯ ಮೂಲಕವೇ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಆ ಕಾಲದಲ್ಲಿ ಹೆಣ್ಣುಮಕ್ಕಳು ವಾರ್ತೆ ಓದುತ್ತಿದ್ದರು, ವಾರ್ತೆ ತರುತ್ತಿರಲಿಲ್ಲ. ಬೇರೆಯವರು ಬರೆದುಕೊಟ್ಟದ್ದನ್ನು ಸ್ಪಷ್ಟವಾಗಿ, ಮುಖದಲ್ಲಿ ಯಾವ ಭಾವವನ್ನೂ ತೋರಿಸದೆ ಓದಬೇಕು. ಅದು ಸುಲಭದ ಕೆಲಸವೆಂದು ನಾನು ಹೇಳುವುದಿಲ್ಲ. ಆದರೆ ಸ್ಥಳಕ್ಕೆ ಹೋಗಿ, ಜನರನ್ನು ಮಾತನಾಡಿಸಿ, ಅಧಿಕಾರಿಗೆ ಪ್ರಶ್ನೆ ಕೇಳಿ ಸುದ್ದಿ ತರುವುದು ಬೇರೆಯೇ ಕೆಲಸ. ಸ್ಟುಡಿಯೋದ ಕುರ್ಚಿಯಿಂದ ರಸ್ತೆಗೆ ಇಳಿಯಲು ಟಿವಿಯ ಹೆಣ್ಣುಮಕ್ಕಳಿಗೆ ಸುಮಾರು ಇಪ್ಪತ್ತು ವರ್ಷ ಬೇಕಾಯಿತು.

ಪತ್ರಿಕೆಗಳಲ್ಲಿಯೂ ಆ ದಾರಿ ಸುಲಭದ್ದಾಗಿರಲಿಲ್ಲ. ದೆಹಲಿಯ ಪ್ರಭಾ ದತ್ ಅವರ ಹೆಸರನ್ನು ಇಲ್ಲಿ ಹೇಳಲೇಬೇಕು. 1965ರ ಯುದ್ಧದ ಸಮಯದಲ್ಲಿ ಗಡಿಗೆ ಕಳುಹಿಸಿ ಎಂದು ಹಿಂದೂಸ್ತಾನ್ ಟೈಮ್ಸ್ ಪತ್ರಿಕೆಯ ಸಂಪಾದಕರನ್ನು ಅವರು ಕೇಳಿದರು. ಹೆಣ್ಣುಮಗಳನ್ನು ಯುದ್ಧಕ್ಕೆ ಕಳುಹಿಸುವುದೇ ಎಂದು ಬೇಡವೆಂದರು. ಸರಿ, ಮನೆಯವರನ್ನು ನೋಡಿ ಬರುತ್ತೇನೆಂದು ರಜೆ ಹಾಕಿ ಹೊರಟವರು ಹೋದದ್ದು ಗಡಿಯ ಖೇಮ್‌ಕರಣ್‌ಗೆ. ಅಲ್ಲಿಂದ ವರದಿ ಕಳುಹಿಸತೊಡಗಿದರು, ಪತ್ರಿಕೆ ಅದನ್ನು ಅಚ್ಚು ಹಾಕಿತು. ಮುಂದೆ ಅವರೇ ಆ ಪತ್ರಿಕೆಯ ಮುಖ್ಯ ವರದಿಗಾರ್ತಿಯಾದರು. ಗಲ್ಲು ಶಿಕ್ಷೆಗೆ ಗುರಿಯಾಗಿ ತಿಹಾರ್ ಜೈಲಿನಲ್ಲಿದ್ದ ಬಿಲ್ಲಾ ಮತ್ತು ರಂಗಾ ಅವರನ್ನು ಸಂದರ್ಶಿಸಲು ಅನುಮತಿ ಸಿಗದಿದ್ದಾಗ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. ಕೈದಿಗಳು ಒಪ್ಪುವುದಾದರೆ ಸಂದರ್ಶನಕ್ಕೆ ಅವಕಾಶ ಕೊಡಬೇಕೆಂದು ಕೋರ್ಟು ಹೇಳಿತು. "ಪ್ರಭಾ ದತ್ ವಿರುದ್ಧ ಭಾರತ ಒಕ್ಕೂಟ" ಎಂಬ ಆ ತೀರ್ಪನ್ನು ಕಾನೂನು ಓದುವ ಮಕ್ಕಳು ಇಂದಿಗೂ ಓದುತ್ತಾರೆ.

ಪ್ರಭಾ 1984ರಲ್ಲಿ, ಇನ್ನೂ ಚಿಕ್ಕ ವಯಸ್ಸಿನಲ್ಲಿಯೇ, ಮೆದುಳಿನ ರಕ್ತಸ್ರಾವದಿಂದ ತೀರಿಕೊಂಡರು. ಅವರ ಹಿರಿಯ ಮಗಳು ಬರ್ಖಾ ದತ್. 1999ರ ಕಾರ್ಗಿಲ್ ಯುದ್ಧ ನಮ್ಮ ದೇಶದ ಜನ ಟಿವಿಯಲ್ಲಿ ಕಂಡ ಮೊದಲ ಯುದ್ಧ. ಅಲ್ಲಿಗೆ ಹೋಗಲು ಬರ್ಖಾ ಸೇನೆಯ ಅಧಿಕಾರಿಗಳನ್ನು ಪಟ್ಟು ಹಿಡಿದು ಒಪ್ಪಿಸಬೇಕಾಯಿತು. ಆಗ ಅವರಿಗೆ 27 ವರ್ಷ. ತಾಯಿಗೆ ಬೇಡವೆಂದದ್ದು 1965ರಲ್ಲಿ, ಮಗಳು ಹಠ ಹಿಡಿದು ಹೋದದ್ದು 1999ರಲ್ಲಿ. ಒಂದು ತಲೆಮಾರಿನಲ್ಲಿ ಬಾಗಿಲು ಎಷ್ಟು ತೆರೆಯಿತು, ಎಷ್ಟು ತೆರೆಯಲಿಲ್ಲ ಎಂಬುದು ಈ ಎರಡು ಇಸವಿಗಳಲ್ಲಿಯೇ ಇದೆ.

ಈಗ ನಮ್ಮ ಮುಂಬಯಿಗೆ, ನಮ್ಮ ಕಾಲಕ್ಕೆ ಬರೋಣ. ನಾನು ಇಂದು ಸ್ವಲ್ಪ ವಿವರವಾಗಿ ಹೇಳಬೇಕೆಂದಿರುವುದು ಫೇ ಡಿಸೋಜಾ ಅವರ ಬಗ್ಗೆ. ಅವರು ಓದಿದ್ದು ಬೆಂಗಳೂರಿನಲ್ಲಿ. ಮೌಂಟ್ ಕಾರ್ಮೆಲ್ ಕಾಲೇಜಿನಲ್ಲಿ ಪತ್ರಿಕೋದ್ಯಮ ಮತ್ತು ಇಂಗ್ಲಿಷ್ ಸಾಹಿತ್ಯ, ಆಮೇಲೆ ಕಮಿಟ್ಸ್ ಸಂಸ್ಥೆಯಲ್ಲಿ ಸಮೂಹ ಮಾಧ್ಯಮದ ಸ್ನಾತಕೋತ್ತರ ಶಿಕ್ಷಣ. ಕರ್ನಾಟಕದಿಂದ ಹೊಟ್ಟೆಪಾಡಿಗೆ, ಹೆಸರಿಗೆ, ಕಲಿಕೆಗೆ ಎಂದು ಈ ಊರಿಗೆ ಬಂದ ಲಕ್ಷಾಂತರ ಜನರ ಸಾಲಿನಲ್ಲಿ ಅವರೂ ಒಬ್ಬರು.

ಅವರು ಶುರು ಮಾಡಿದ್ದು ರಾಜಕೀಯ ಸುದ್ದಿಯಿಂದಲ್ಲ. ಸಿಎನ್‌ಬಿಸಿ ಟಿವಿ18ನಲ್ಲಿ ಹಣಕಾಸಿನ ವರದಿಗಾರಿಕೆ ಮಾಡಿದರು. ಆಮೇಲೆ ಇಟಿ ನೌ ಚಾನೆಲ್‌ನಲ್ಲಿ ಉಳಿತಾಯ, ವಿಮೆ, ಮನೆ ಸಾಲ, ಮ್ಯೂಚುವಲ್ ಫಂಡ್ ಇವುಗಳ ಬಗ್ಗೆ ಸಾಮಾನ್ಯರಿಗೆ ತಿಳಿಯುವ ಹಾಗೆ ಕಾರ್ಯಕ್ರಮ ನಡೆಸಿದರು. ಇದನ್ನು ನಾನು ಬೇಕೆಂದೇ ಒತ್ತಿ ಹೇಳುತ್ತಿದ್ದೇನೆ. ಹಣಕಾಸಿನ ವರದಿ ಮಾಡಿದವರಿಗೆ ಲೆಕ್ಕ ಕೇಳುವ ಅಭ್ಯಾಸ ಬೆಳೆಯುತ್ತದೆ. "ಎಷ್ಟು ಬಂತು, ಎಲ್ಲಿಗೆ ಹೋಯಿತು, ರಸೀದಿ ಎಲ್ಲಿ" ಎಂದು ಕೇಳುವುದು ಮನೆ ನಡೆಸುವ ನಮಗೆಲ್ಲ ಗೊತ್ತಿರುವ ವಿದ್ಯೆ. ಅದೇ ವಿದ್ಯೆಯನ್ನು ಅವರು ಮುಂದೆ ನಗರದ ಆಡಳಿತಕ್ಕೆ ಉಪಯೋಗಿಸಿದರು.

2017ರಲ್ಲಿ ಮಿರರ್ ನೌ ಚಾನೆಲ್ ಶುರುವಾಯಿತು. ಅದಕ್ಕೆ ಮೊದಲು ಅದು ಮನೆ ಖರೀದಿ, ಆಸ್ತಿ ಇವುಗಳ ಬಗ್ಗೆ ಹೇಳುತ್ತಿದ್ದ ಚಾನೆಲ್. ಅದನ್ನೇ ಹೆಸರು ಬದಲಿಸಿ ನಗರವಾಸಿಗಳ ಸಮಸ್ಯೆಗಳ ಚಾನೆಲ್ ಮಾಡಿದರು. ಫೇ ಅದರ ಕಾರ್ಯಕಾರಿ ಸಂಪಾದಕಿಯಾದರು. ಉಳಿದ ಇಂಗ್ಲಿಷ್ ಚಾನೆಲ್‌ಗಳು ರಾತ್ರಿ ಒಂಬತ್ತಕ್ಕೆ ಗಡಿ, ಧರ್ಮ, ಪಕ್ಷ ಎಂದು ಕೂಗಾಡುತ್ತಿದ್ದಾಗ, ಇವರ "ಅರ್ಬನ್ ಡಿಬೇಟ್" ಕಾರ್ಯಕ್ರಮದಲ್ಲಿ ರಸ್ತೆಯ ಗುಂಡಿ, ಆಸ್ಪತ್ರೆಯ ಬಿಲ್ಲು, ಶಾಲೆಯ ಶುಲ್ಕ, ಕುಸಿದ ಕಟ್ಟಡಗಳ ಚರ್ಚೆ ನಡೆಯುತ್ತಿತ್ತು.

ಆ ವರ್ಷ ಮುಂಬಯಿ ಏನೇನು ನೋಡಿತು ಎಂದು ಒಮ್ಮೆ ನೆನಪು ಮಾಡಿಕೊಳ್ಳಿ. ಆಗಸ್ಟ್ 29ರಂದು ಭಾರೀ ಮಳೆ. ಬಾಂಬೆ ಆಸ್ಪತ್ರೆಯ ಹೆಸರಾಂತ ವೈದ್ಯ ಡಾ. ದೀಪಕ್ ಅಮ್ರಾಪುರ್‌ಕರ್ ಕಾರು ಬಿಟ್ಟು ನೀರಿನಲ್ಲಿ ನಡೆದು ಮನೆಗೆ ಹೊರಟವರು, ತೆರೆದಿದ್ದ ಮ್ಯಾನ್‌ಹೋಲಿಗೆ ಬಿದ್ದು ತೀರಿಕೊಂಡರು. ಎರಡು ದಿನದ ಮೇಲೆ ಅವರ ಶರೀರ ವರಳಿಯ ಕಡೆ ಸಿಕ್ಕಿತು. ಸರಿಯಾಗಿ ಒಂದು ತಿಂಗಳಿಗೆ, ಸೆಪ್ಟೆಂಬರ್ 29ರ ಬೆಳಿಗ್ಗೆ, ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಸೇತುವೆಯ ಮೇಲೆ ನೂಕುನುಗ್ಗಲಿನಲ್ಲಿ 23 ಜನ ಸತ್ತರು. ಡಿಸೆಂಬರ್ 29ರ ನಡುರಾತ್ರಿ ಕಮಲಾ ಮಿಲ್ಸ್ ಆವರಣದ ಮಾಳಿಗೆಯ ಹೋಟೆಲುಗಳಿಗೆ ಬೆಂಕಿ ಬಿದ್ದು 14 ಜನ ಸತ್ತರು, ಅವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು.

ಆ ಎಲ್ಫಿನ್‌ಸ್ಟನ್ ಸೇತುವೆಯನ್ನು ನಮ್ಮಲ್ಲಿ ಹತ್ತದವರು ಯಾರು? ಪಶ್ಚಿಮ ರೈಲ್ವೆಯಿಂದ ಮಧ್ಯ ರೈಲ್ವೆಗೆ ಬದಲಿಸುವವರೆಲ್ಲ ಆ ಕಿರಿದಾದ ಮೆಟ್ಟಿಲಿನಲ್ಲಿ ಭುಜಕ್ಕೆ ಭುಜ ತಾಗಿಸಿಕೊಂಡು ಇಳಿದವರೇ. ಗಿರಣಿಗಳು ಮುಚ್ಚಿ, ಆ ಜಾಗದಲ್ಲಿ ದೊಡ್ಡ ದೊಡ್ಡ ಕಚೇರಿಗಳು ಎದ್ದವು. ಸಾವಿರಾರು ಜನ ಹೊಸದಾಗಿ ಅಲ್ಲಿ ಇಳಿಯತೊಡಗಿದರು. ಸೇತುವೆ ಮಾತ್ರ ಹಳೆಯದೇ ಉಳಿಯಿತು. ಅಂದು ಮಳೆ ಬಂತೆಂದು ಜನ ಸೇತುವೆಯ ಮೇಲೆಯೇ ನಿಂತರು, ರೈಲುಗಳಿಂದ ಇನ್ನಷ್ಟು ಜನ ಇಳಿದರು. ಕಾರಣ ಇಷ್ಟೇ. ಅದರ ನಂತರ ಸೇನೆಯನ್ನು ಕರೆಸಿ ಹೊಸ ಸೇತುವೆ ಕಟ್ಟಿಸಿ, 2018ರ ಫೆಬ್ರವರಿಯಲ್ಲಿ ತೆರೆದರು. ತಿಂಗಳುಗಳಲ್ಲಿ ಆಗುವ ಕೆಲಸ ವರ್ಷಗಟ್ಟಲೆ ಯಾಕೆ ಆಗಿರಲಿಲ್ಲ ಎಂಬುದೇ ವರದಿಗಾರ್ತಿ ಕೇಳಬೇಕಾದ ಪ್ರಶ್ನೆ.

ಮಿರರ್ ನೌ ಕಚೇರಿ ಇದ್ದದ್ದೂ ಆ ಕಮಲಾ ಮಿಲ್ಸ್ ಆವರಣದಲ್ಲಿಯೇ. ಅಂದರೆ ಅವರ ಪಾಲಿಗೆ ಸುದ್ದಿ ಹೊರಗಿನಿಂದ ಬರಲಿಲ್ಲ, ಬಾಗಿಲಿನಾಚೆಯೇ ಉರಿಯಿತು. ಮೇಲ್ಛಾವಣಿಯ ಹೋಟೆಲಿಗೆ ಅನುಮತಿ ಯಾರು ಕೊಟ್ಟರು, ಹೊರಗೆ ಓಡುವ ದಾರಿ ಎಲ್ಲಿತ್ತು, ಅಗ್ನಿಶಾಮಕದವರು ತಪಾಸಣೆ ಮಾಡಿದ್ದು ಯಾವಾಗ ಎಂಬ ಸಣ್ಣ ಸಣ್ಣ ಪ್ರಶ್ನೆಗಳಿಗೆ ಇಂಥ ಸಮಯದಲ್ಲಿ ಬೆಲೆ ಬರುತ್ತದೆ. ಮುಂಬಯಿ ಪ್ರೆಸ್ ಕ್ಲಬ್ 2018ರಲ್ಲಿ ಫೇ ಅವರಿಗೆ "ವರ್ಷದ ಪತ್ರಕರ್ತೆ" ಎಂದು ರೆಡ್‌ಇಂಕ್ ಪ್ರಶಸ್ತಿ ಕೊಟ್ಟಿತು.

ಜನರಿಗೆ ಅವರ ಹೆಸರು ಹೆಚ್ಚು ಪರಿಚಯವಾದದ್ದು ಇನ್ನೊಂದು ಕಾರಣಕ್ಕೆ. 2017ರ ಜೂನ್‌ನಲ್ಲಿ ಒಬ್ಬ ಯುವ ನಟಿ ಹಾಕಿದ ಉಡುಪಿನ ಬಗ್ಗೆ ಸಾಮಾಜಿಕ ಜಾಲತಾಣದಲ್ಲಿ ಗಲಾಟೆಯಾಗಿತ್ತು. ಆ ವಿಷಯದ ಚರ್ಚೆಯಲ್ಲಿ ಭಾಗವಹಿಸಿದ್ದ ಒಬ್ಬ ಧರ್ಮಗುರು, ಗಂಡಸರಿಗೆ ಸಮಾನಳಾಗಬೇಕಿದ್ದರೆ ನೀನು ಒಳ ಉಡುಪಿನಲ್ಲಿ ಕೆಲಸಕ್ಕೆ ಬಾ ಎಂಬರ್ಥದ ಮಾತನ್ನು ಫೇ ಅವರಿಗೇ, ನೇರ ಪ್ರಸಾರದಲ್ಲಿಯೇ ಹೇಳಿದರು. ಅವರು ಕೂಗಲಿಲ್ಲ, ಅಳಲಿಲ್ಲ, ಎದ್ದು ಹೋಗಲಿಲ್ಲ. ಇಂಥವರನ್ನು ಬಹಳ ನೋಡಿದ್ದೇನೆ. ಹೀಗೆ ಮಾತನಾಡಿದರೆ ಹೆಣ್ಣುಮಕ್ಕಳು ಹೆದರಿ ಅಡುಗೆಮನೆಗೆ ಓಡುತ್ತಾರೆ, ಜಗತ್ತು ಮತ್ತೆ ನಮಗೇ ಸೇರುತ್ತದೆ ಎಂದು ಇವರ ಲೆಕ್ಕಾಚಾರ. ಆದರೆ ನಾವು ಎಲ್ಲಿಗೂ ಹೋಗುವುದಿಲ್ಲ ಎಂಬ ಅರ್ಥದಲ್ಲಿ ಸಮಾಧಾನವಾಗಿ ಉತ್ತರಿಸಿದರು. ಆ ವಿಡಿಯೋ ದೇಶವಿಡೀ ಓಡಾಡಿತು. ನನಗೆ ಇದರಲ್ಲಿ ಮುಖ್ಯವೆನಿಸಿದ್ದು ಉತ್ತರದ ಜೊತೆಗೆ ಆ ಸಮಾಧಾನ. ನೇರ ಪ್ರಸಾರದಲ್ಲಿ ತಲೆ ತಣ್ಣಗಿಡುವುದು ಹುಟ್ಟಿನಿಂದ ಬರುವುದಲ್ಲ, ವರ್ಷಗಟ್ಟಲೆ ಕೆಲಸ ಮಾಡಿ ಬರುವುದು.

2019ರ ಸೆಪ್ಟೆಂಬರ್‌ನಲ್ಲಿ ಅವರು ಮಿರರ್ ನೌ ಬಿಟ್ಟರು. ಆಮೇಲೆ ಇನ್‌ಸ್ಟಾಗ್ರಾಮ್‌ನಲ್ಲಿ ದಿನದ ಮುಖ್ಯ ಸುದ್ದಿಗಳನ್ನು, ಯಾವ ಸಂಗೀತ, ಕಿರುಚಾಟ, ಬಣ್ಣ ಇಲ್ಲದೆ, ನಾಲ್ಕೈದು ಸಾಲಿನಲ್ಲಿ ಬರೆದು ಹಾಕತೊಡಗಿದರು. ಮುಂದೆ "ಬೀಟ್‌ರೂಟ್ ನ್ಯೂಸ್" ಎಂಬ ಸ್ವಂತ ಸಂಸ್ಥೆಯನ್ನೂ ಕಟ್ಟಿದರು. ನಮ್ಮ ಮನೆಯ ಮಕ್ಕಳು ಟಿವಿಯ ಸುದ್ದಿ ನೋಡುವುದಿಲ್ಲ ಎಂದು ನಾವು ದೂರುತ್ತೇವೆ. ಆದರೆ ಅವರಲ್ಲಿ ಎಷ್ಟೋ ಮಂದಿ ಬೆಳಿಗ್ಗೆ ಫೋನಿನಲ್ಲಿ ಓದುವುದು ಇಂಥ ವರದಿಗಾರ್ತಿಯರು ಬರೆದದ್ದನ್ನೇ.

ಇನ್ನು ಈ ಕೆಲಸ ದಿನವೂ ನಡೆಯುವುದು ಹೇಗೆ ಎಂದು ಸ್ವಲ್ಪ ಹೇಳುತ್ತೇನೆ. ಇದು ನನಗೆ ಮನೆಯಲ್ಲಿಯೇ ತಿಳಿದ ವಿಷಯ, ಏಕೆಂದರೆ ನನ್ನ ಮಗಳು ಕೆಲವು ವರ್ಷ ಒಂದು ಸುದ್ದಿ ಚಾನೆಲ್‌ನಲ್ಲಿ ವರದಿಗಾರ್ತಿಯಾಗಿದ್ದಳು. ಬೆಳಿಗ್ಗೆ ಮೀಟಿಂಗ್. "ಇವತ್ತು ಯಾವ ಸ್ಟೋರಿ?" ಎಂದು ಕೇಳುತ್ತಾರೆ. ಅಸೈನ್‌ಮೆಂಟ್ ಡೆಸ್ಕಿನವರು ಕ್ಯಾಮೆರಾಮನ್ ಮತ್ತು ಗಾಡಿ ಕೊಡುತ್ತಾರೆ. ಸ್ಥಳಕ್ಕೆ ಹೋಗಿ ಜನರ ಬೈಟ್ ತೆಗೆಯಬೇಕು. ಕ್ಯಾಮೆರಾದ ಕಡೆ ನೋಡಿ ತಾನು ಹೇಳುವ ಭಾಗಕ್ಕೆ ಪಿಟಿಸಿ ಎನ್ನುತ್ತಾರೆ. ಆಮೇಲೆ ಸ್ಕ್ರಿಪ್ಟ್ ಬರೆದು, ದನಿ ಕೊಟ್ಟು, ಎಡಿಟ್ ಮಾಡಿಸಬೇಕು. ಇಷ್ಟೆಲ್ಲ ಮಾಡಿದ ಮೇಲೆ ನಾವು ಚಹಾ ಕುಡಿಯುತ್ತ ನೋಡುವುದು ಒಂದೂವರೆ ಎರಡು ನಿಮಿಷ. ದೊಡ್ಡ ಘಟನೆಯಾದರೆ ಕಿವಿಯಲ್ಲಿ ಸ್ಟುಡಿಯೋದವರ ಮಾತು, ಎದುರಿಗೆ ಜನರ ಗದ್ದಲ, ಅದರ ಮಧ್ಯೆ ಗಂಟೆಗಟ್ಟಲೆ ನೇರ ಪ್ರಸಾರ. ಗೊತ್ತಿರುವುದನ್ನು ಮಾತ್ರ ಹೇಳಬೇಕು, ಆದರೆ ಮಾತು ನಿಲ್ಲಿಸುವ ಹಾಗಿಲ್ಲ. ಆ ಕಷ್ಟ ಹೊರಗಿನವರಿಗೆ ಕಾಣುವುದಿಲ್ಲ.

ಊಟಕ್ಕಿಂತ ದೊಡ್ಡ ಚಿಂತೆ ಶೌಚಾಲಯದ್ದು. "ಅಮ್ಮ, ಹೊರಗೆ ಹೋದ ದಿನ ನಾನು ನೀರೇ ಕುಡಿಯುವುದಿಲ್ಲ" ಎಂದು ಅವಳು ಹೇಳಿದಾಗ ನನಗೆ ಸಂಕಟವಾಯಿತು. ಇದು ಮೀನು ಮಾರುವ ಹೆಂಗಸಿನಿಂದ ಹಿಡಿದು ಪೊಲೀಸ್ ಪೇದೆಯವರೆಗೆ ಈ ಊರಿನ ಎಲ್ಲ ದುಡಿಯುವ ಹೆಣ್ಣುಮಕ್ಕಳ ಕಷ್ಟ. 2011ರಲ್ಲಿ ಮುಂಬಯಿಯ ಮಹಿಳಾ ಸಂಘಟನೆಗಳು ಇದಕ್ಕಾಗಿಯೇ "ರೈಟ್ ಟು ಪೀ" ಎಂಬ ಚಳವಳಿ ಶುರು ಮಾಡಿದವು. ಹೆಸರು ಕೇಳಿ ನಗುವವರು ಒಂದು ದಿನ ನೀರು ಕುಡಿಯದೆ ಬಿಸಿಲಲ್ಲಿ ನಿಂತು ನೋಡಲಿ.

ಎರಡನೆಯದು ರಾತ್ರಿ. ಮಗಳನ್ನು ಕ್ಯಾಬ್ ಎರಡು ಗಂಟೆಗೆ ಗೇಟಿನಲ್ಲಿ ಬಿಟ್ಟು ಹೋಗುತ್ತಿತ್ತು. "ನೀನು ಮಲಗು, ನನ್ನ ಹತ್ತಿರ ಕೀ ಇದೆ" ಎನ್ನುತ್ತಿದ್ದಳು. ಯಾವ ತಾಯಿ ಮಲಗುತ್ತಾಳೆ? ಕಿಟಕಿಯಲ್ಲಿ ನಿಂತಿರುತ್ತಿದ್ದೆ. ಸೊಸೈಟಿಯಲ್ಲಿ ಒಂದಿಬ್ಬರು ಕೇಳಿದರು: "ನಿಮ್ಮ ಮಗಳು ಇಷ್ಟು ಹೊತ್ತಿಗೆ ಬರುತ್ತಾಳಲ್ಲ, ಎಂಥ ಕೆಲಸ?" ನಾನು ಹೇಳಿದೆ, "ನೀವು ಬೆಳಿಗ್ಗೆ ಆರಕ್ಕೆ ನೋಡುವ ಸುದ್ದಿಯನ್ನು ರಾತ್ರಿಯೇ ಮಾಡಿಡಬೇಕು, ಅದೇ ಕೆಲಸ." ಮುಂಬಯಿ ಕನ್ನಡಿಗರಾದ ನಾವು ರಾತ್ರಿಯನ್ನು ಕೆಟ್ಟದ್ದೆನ್ನುವುದು ಸರಿಯೇ? ನಮ್ಮ ಹಿರಿಯರು ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ, ರಾತ್ರಿ ಶಾಲೆಯಲ್ಲಿ ಕನ್ನಡ ಓದಿ ಮೇಲೆ ಬಂದವರು. ರಾತ್ರಿ ಹತ್ತಕ್ಕೆ ಪುಸ್ತಕ ಹಿಡಿದು ಬರುತ್ತಿದ್ದ ಹುಡುಗನನ್ನು ನಾವು ಕೊಂಡಾಡಿದೆವು. ರಾತ್ರಿ ಎರಡಕ್ಕೆ ಕೆಲಸ ಮುಗಿಸಿ ಬರುವ ಹುಡುಗಿಗೂ ಅದೇ ಗೌರವ ಸಲ್ಲಬೇಕು.

ಒಂದು ಹಂತದಲ್ಲಿ ಅವಳ ಸಂಸ್ಥೆಯವರು ಖರ್ಚು ಕಡಿಮೆ ಮಾಡುವ ನೆಪದಲ್ಲಿ ರಾತ್ರಿಯ ಗಾಡಿ ನಿಲ್ಲಿಸಿದರು. ರಿಕ್ಷಾದಲ್ಲಿ ಹೋಗಿ, ಬಿಲ್ಲು ಕೊಡಿ ಎಂದರು. ಮಗಳು ಮತ್ತು ಜೊತೆಯ ಹುಡುಗಿಯರು ಸೇರಿ ಒಂದು ಪತ್ರ ಬರೆದರು. ಜಗಳವಿಲ್ಲ, ಕಾನೂನಿನ ಮಾತಷ್ಟೇ. ಮಹಾರಾಷ್ಟ್ರದಲ್ಲಿ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಯ ಪ್ರಕಾರ ರಾತ್ರಿ 9.30ರಿಂದ ಬೆಳಿಗ್ಗೆ 7ರವರೆಗೆ ಹೆಣ್ಣುಮಕ್ಕಳು ಕೆಲಸ ಮಾಡಬೇಕಾದರೆ ಅವರ ಒಪ್ಪಿಗೆ ಬೇಕು. ರಕ್ಷಣೆಯನ್ನೂ ಮನೆಯವರೆಗಿನ ಸಾರಿಗೆಯನ್ನೂ ಸಂಸ್ಥೆಯೇ ಒದಗಿಸಬೇಕು. ಎರಡು ವಾರದಲ್ಲಿ ಗಾಡಿ ಮತ್ತೆ ಬಂತು. ಒಬ್ಬಳೇ ಕೇಳಿದ್ದರೆ "ನಿನಗೆ ಈ ಕೆಲಸ ಆಗುವುದಿಲ್ಲ ಬಿಡು" ಎನ್ನುತ್ತಿದ್ದರು. ಏಳು ಜನ ಕೇಳಿದಾಗ ಕಾನೂನಿನ ಪುಸ್ತಕ ತೆರೆದು ನೋಡಿದರು.

ಕಾನೂನಿನ ಮಾತು ಬಂದದ್ದರಿಂದ ಇನ್ನೊಂದನ್ನೂ ಹೇಳಿಬಿಡುತ್ತೇನೆ. 1997ರ ವಿಶಾಖಾ ತೀರ್ಪು, ಅದರಿಂದ ಬಂದ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ನಮ್ಮೆಲ್ಲರಿಗೂ ತಿಳಿದಿರಬೇಕು. ಹತ್ತು ಮತ್ತು ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಘಟನೆ ನಡೆದ ಮೂರು ತಿಂಗಳೊಳಗೆ ದೂರು ಕೊಡಬೇಕು. ಕಚೇರಿ ಮಾತ್ರವಲ್ಲ, ಕೆಲಸದ ಮೇಲೆ ಹೋದ ಯಾವುದೇ ಸ್ಥಳ, ಸಂಸ್ಥೆ ಕೊಟ್ಟ ಗಾಡಿ ಕೂಡ ಕೆಲಸದ ಜಾಗವೇ. ಹೊರಗೆ ತಿರುಗುವ ವರದಿಗಾರ್ತಿಗೆ ಈ ಕೊನೆಯ ಮಾತು ಬಹಳ ಮುಖ್ಯ.

ಅಪಾಯದ ಮಾತನ್ನು ಮುಚ್ಚಿಡಬಾರದು. 2013ರ ಆಗಸ್ಟ್ 22ರ ಸಂಜೆ ಮಹಾಲಕ್ಷ್ಮಿಯ ಶಕ್ತಿ ಮಿಲ್ಸ್ ಆವರಣದಲ್ಲಿ ಕೆಲಸಕ್ಕೆಂದು ಹೋದ 22 ವರ್ಷದ ಫೋಟೋ ಪತ್ರಕರ್ತೆಯ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಅದಾದ ಮೇಲೆ ಎಷ್ಟೋ ಮನೆಗಳಲ್ಲಿ ಮಕ್ಕಳಿಗೆ "ಈ ಕೋರ್ಸ್ ಬೇಡ" ಎಂದರು. ಆದರೆ ಆ ಹುಡುಗಿ ಆಸ್ಪತ್ರೆಯಿಂದಲೇ, ಬೇಗ ಕೆಲಸಕ್ಕೆ ಮರಳಬೇಕೆಂಬ ಆಸೆ ಹೇಳಿಕೊಂಡದ್ದು ಪತ್ರಿಕೆಗಳಲ್ಲಿ ಬಂತು. ಅವಳು ದೂರು ಕೊಟ್ಟದ್ದರಿಂದಲೇ ಅದೇ ಜಾಗದಲ್ಲಿ ಅದಕ್ಕೂ ಮೊದಲು ಅತ್ಯಾಚಾರಕ್ಕೊಳಗಾಗಿದ್ದ ಇನ್ನೊಬ್ಬ ಹುಡುಗಿಯೂ ಮುಂದೆ ಬಂದಳು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಅವರನ್ನು ಮನೆಯ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ಇಂಗ್ಲಿಷ್ ಪತ್ರಿಕೆ, ದೆಹಲಿಯ ಟಿವಿ ವರದಿಗಾರಿಕೆ ಎಲ್ಲ ಮಾಡಿ, ತಂದೆ ತೀರಿಕೊಂಡ ಮೇಲೆ ಕನ್ನಡಕ್ಕೆ ಬಂದವರು ಅವರು. ಅವರ ಅಭಿಪ್ರಾಯಗಳನ್ನು ಒಪ್ಪುವವರೂ ಒಪ್ಪದವರೂ ಈ ಸಭೆಯಲ್ಲಿ ಇರಬಹುದು. ಬರೆದದ್ದಕ್ಕೆ ಉತ್ತರ ಬರಹವೇ ಹೊರತು ಗುಂಡಲ್ಲ ಎಂಬುದನ್ನು ಎಲ್ಲರೂ ಒಪ್ಪುತ್ತೇವೆ.

ಕೊರೊನಾ ಕಾಲವನ್ನೂ ಮರೆಯಬಾರದು. ನಾವೆಲ್ಲ ಬಾಗಿಲು ಹಾಕಿಕೊಂಡು ಕೂತಾಗ ಹೊರಗಿದ್ದವರಲ್ಲಿ ಈ ವರದಿಗಾರರೂ ಇದ್ದರು. 2020ರ ಏಪ್ರಿಲ್‌ನಲ್ಲಿ ಮುಂಬಯಿಯಲ್ಲಿ 171 ಪತ್ರಕರ್ತರನ್ನು ಪರೀಕ್ಷಿಸಿದಾಗ 53 ಮಂದಿಗೆ ಸೋಂಕು ತಗಲಿತ್ತು. ಬರ್ಖಾ ದತ್ ಆಗ ಯಾವ ದೊಡ್ಡ ಚಾನೆಲ್‌ನಲ್ಲಿಯೂ ಇರಲಿಲ್ಲ. ಸಣ್ಣ ತಂಡ ಕಟ್ಟಿಕೊಂಡು ರಸ್ತೆಯ ಮೇಲೆ ಸಾವಿರಾರು ಕಿಲೋಮೀಟರ್ ತಿರುಗಿ, ನಡೆದು ಊರಿಗೆ ಹೊರಟ ಕೂಲಿಕಾರರ ಕಥೆ ಹೇಳಿದರು. 2021ರಲ್ಲಿ ಅದೇ ಕಾಯಿಲೆಗೆ ಅವರ ತಂದೆ ಬಲಿಯಾದರು.

ಹಾಗೆಂದು ಟಿವಿಯವರು ಮಾಡಿದ್ದೆಲ್ಲ ಸರಿ ಎಂದು ನಾನು ಹೇಳುತ್ತಿಲ್ಲ. 2008ರ ನವೆಂಬರ್ 26ರ ದಾಳಿಯ ಸಮಯದಲ್ಲಿ ತಾಜ್, ಒಬೆರಾಯ್ ಹೋಟೆಲುಗಳ ಹೊರಗೆ ಕಮಾಂಡೊಗಳ ಚಲನವಲನವನ್ನೂ ಚಾನೆಲ್‌ಗಳು ನೇರವಾಗಿ ತೋರಿಸಿದವು. ಗಡಿಯಾಚೆ ಕೂತು ಉಗ್ರರಿಗೆ ಫೋನಿನಲ್ಲಿ ಸೂಚನೆ ಕೊಡುತ್ತಿದ್ದವರೂ ಅದೇ ಟಿವಿ ನೋಡುತ್ತಿದ್ದರು. 2012ರ ಆಗಸ್ಟ್ 29ರಂದು ಕಸಬ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಇದನ್ನು ಕಟುವಾಗಿ ಟೀಕಿಸಿತು. 2015ರಲ್ಲಿ ನಿಯಮವೇ ಬದಲಾಗಿ, ಇಂಥ ಕಾರ್ಯಾಚರಣೆಯ ನೇರ ಪ್ರಸಾರ ನಿಂತಿತು. ಎಲ್ಲರಿಗಿಂತ ಮೊದಲು ತೋರಿಸಬೇಕೆಂಬ ಓಟಕ್ಕೆ ಕಾರಣ ಟಿಆರ್‌ಪಿ. 2020ರಲ್ಲಿ ಆ ಟಿಆರ್‌ಪಿಯಲ್ಲೇ ಮೋಸ ನಡೆದಿದೆ ಎಂಬ ಆರೋಪದ ಮೇಲೆ ಮುಂಬಯಿ ಪೊಲೀಸರು ಪ್ರಕರಣ ದಾಖಲಿಸಿದರು. ಸುದ್ದಿ ಚಾನೆಲ್‌ಗಳ ರೇಟಿಂಗ್ 2022ರ ಮಾರ್ಚ್‌ವರೆಗೆ ಬಂದ್ ಆಗಿತ್ತು. ಆದರೆ ರಿಮೋಟ್ ಯಾರ ಕೈಯಲ್ಲಿದೆ? ನಮ್ಮ ಕೈಯಲ್ಲಿ. ಟಿಆರ್‌ಪಿ ಅಳೆಯುವ ಮನೆಗಳಲ್ಲಿ ಕೂಗಾಟದ ಚಾನೆಲ್ ಹಾಕಿಟ್ಟು ಒಳಗೆ ಚಪಾತಿ ಮಾಡುತ್ತಿದ್ದರೂ ಅದು ನೋಡಿದ ಲೆಕ್ಕಕ್ಕೇ ಸೇರಬಹುದು. ನೀರಿನಲ್ಲಿ ನಿಂತ ಹುಡುಗಿಯ ಎರಡು ನಿಮಿಷದ ವರದಿಗೆ ನಾವು ಕಣ್ಣು ಕೊಟ್ಟರೆ ಮಾತ್ರ ಅವಳನ್ನು ಮತ್ತೆ ಅಲ್ಲಿಗೆ ಕಳುಹಿಸುತ್ತಾರೆ.

ಕೊನೆಯದಾಗಿ, ಈ ಸಭೆಯಲ್ಲಿರುವ ಹುಡುಗಿಯರಿಗೆ ಎರಡು ಮಾತು. ನಿಮ್ಮ ಹತ್ತಿರ ಬೇರೆಯವರಿಗಿಲ್ಲದ ಒಂದು ಆಸ್ತಿಯಿದೆ. ಮನೆಯಲ್ಲಿ ತುಳುವೋ ಕೊಂಕಣಿಯೋ ಧಾರವಾಡದ ಕನ್ನಡವೋ, ಕಟ್ಟಡದಲ್ಲಿ ಮರಾಠಿ, ರೈಲಿನಲ್ಲಿ ಹಿಂದಿ, ಕಾಲೇಜಿನಲ್ಲಿ ಇಂಗ್ಲಿಷ್. ಧಾರಾವಿಯ ಓಣಿಯಲ್ಲಿ ಮನೆ ಕಳೆದುಕೊಂಡ ಹೆಂಗಸು ಇಂಗ್ಲಿಷಿನಲ್ಲಿ ಅಳುವುದಿಲ್ಲ. ಅವಳ ಭಾಷೆಯಲ್ಲಿ "ಏನಾಯ್ತಮ್ಮ?" ಎಂದು ಕೇಳಬಲ್ಲವಳಿಗೆ ಸುದ್ದಿ ಸಿಗುತ್ತದೆ. ಆದ್ದರಿಂದ ಕನ್ನಡವನ್ನೂ ಮರಾಠಿಯನ್ನೂ ಓದಲು ಬರೆಯಲು ಸರಿಯಾಗಿ ಕಲಿಯಿರಿ. ಟಿವಿಯಲ್ಲಿ ಮುಖ ಕಾಣಬೇಕೆಂಬ ಆಸೆಯಿಂದ ಮಾತ್ರ ಈ ಕಡೆ ಬರಬೇಡಿ, ಆ ಆಸೆ ಆರು ತಿಂಗಳಲ್ಲಿ ತೀರುತ್ತದೆ. ಪಾಲಿಕೆಯ ಬಜೆಟ್ ಓದುವ ತಾಳ್ಮೆ ಇದ್ದರೆ ಬನ್ನಿ. 2002ರಲ್ಲಿ ಶುರುವಾದ ಮಾಧ್ಯಮ ಮಹಿಳೆಯರ ರಾಷ್ಟ್ರೀಯ ಜಾಲವೊಂದಿದೆ, ಮುಂಬಯಿ ಬೆಂಗಳೂರು ಎರಡೂ ಕಡೆ ಅದರ ಸದಸ್ಯರಿದ್ದಾರೆ. ಒಂಟಿಯೆಂದು ಅಂಜಬೇಡಿ.

ತಾಯಂದಿರಿಗೆ ಒಂದೇ ಮಾತು. ಮಗಳು ಈ ಕೆಲಸಕ್ಕೆ ಹೋಗುತ್ತೇನೆಂದಾಗ "ಬೇಡ" ಎನ್ನುವ ಮೊದಲು ಮೂರು ಪ್ರಶ್ನೆ ಕೇಳಿ: ರಾತ್ರಿ ಗಾಡಿ ಕೊಡುತ್ತಾರೆಯೇ? ಆಂತರಿಕ ಸಮಿತಿ ಇದೆಯೇ? ಸಂಬಳದ ಕಾಗದ ಕೈಗೆ ಕೊಟ್ಟಿದ್ದಾರೆಯೇ? ಮೂರಕ್ಕೂ ಹೌದು ಎಂದರೆ ಬುತ್ತಿ ಕಟ್ಟಿ ಕಳುಹಿಸಿ. ಭಯ ಹೋಗುವುದಿಲ್ಲ, ನನಗೂ ಹೋಗಿರಲಿಲ್ಲ. ಆದರೆ ಸೇತುವೆ ಕಿರಿದಾಗಿದೆ, ಮ್ಯಾನ್‌ಹೋಲ್ ತೆರೆದಿದೆ, ಹೊರಗೆ ಓಡಲು ದಾರಿಯಿಲ್ಲ ಎಂದು ಮುಂಚೆಯೇ ಹೇಳುವವರು ಈ ಊರಿಗೆ ಬೇಕು. ಆ ಸೇತುವೆಯ ಮೇಲೆ ನಡೆಯುವವರು ನಮ್ಮ ಮಕ್ಕಳೇ.